ದಮ್ಮು ಬೆಳೆಸುವ ವ್ಯಾಯಾಮವೂ ಎತ್ತರದ ಒದೆತವೂ: ಕರಾಟೆ ಅಭ್ಯಾಸದಲ್ಲಿ ನನ್ನ ಅನುಭವ

"ಓಡಿದರೆ ಕಾಲು ಬಿಗಿಯಾಗುತ್ತದೆ, ಒದೆತ ಮೇಲೇಳುವುದಿಲ್ಲ" ಎಂಬ ಮಾತನ್ನು ಕರಾಟೆ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಕೇಳಿರುತ್ತಾರೆ. ಅದನ್ನು ನಂಬಿ ಓಟವನ್ನೇ ಬಿಟ್ಟವರು 3 ನಿಮಿಷದ ಕುಮಿಟೆಯಲ್ಲಿ (ಎದುರಾಳಿಯೊಡನೆ ನಡೆಸುವ ಕಾದಾಟದಲ್ಲಿ) ಅರ್ಧಕ್ಕೇ ಏದುಸಿರು ಬಿಡುವುದನ್ನು ನೋಡಿದ್ದೇನೆ. ನಂಬದೆ ದಿನವೂ ಮೈಲಿಗಟ್ಟಲೆ ಓಡಿದವರ ಮವಾಶಿ ಗೆರಿ (ಪಕ್ಕದಿಂದ ಸುತ್ತಿಬರುವ ಒದೆತ) ಎದುರಾಳಿಯ ಪಕ್ಕೆಲುಬಿನಿಂದ ಮೇಲಕ್ಕೆ ಹೋಗದಿರುವುದನ್ನೂ ನೋಡಿದ್ದೇನೆ. ತಲೆಯ ಮಟ್ಟದ ಒದೆತಕ್ಕೆ 3 ಅಂಕ, ನಡುವಿನ ಮಟ್ಟದ್ದಕ್ಕೆ 2 ಅಂಕ ಕೊಡುವ ಸ್ಪರ್ಧೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಮೈಸೂರಿನಲ್ಲಿ ಹಲವು ವರ್ಷಗಳಿಂದ ಅಭ್ಯಾಸ ಮಾಡುತ್ತ, ದಮ್ಮು ಬೆಳೆಸುವ ವ್ಯಾಯಾಮಗಳನ್ನು ಒಂದೊಂದಾಗಿ ಬದಲಿಸಿ ನೋಡಿದಾಗ ಕಂಡುಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ನಿಧಾನಗತಿಯ ದೂರದ ಓಟದಲ್ಲಿ ಸೊಂಟದ ಕೀಲು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಅಷ್ಟೇ ಆಡುತ್ತದೆ. ತೊಡೆ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ತಕ್ಕಮಟ್ಟಿಗೆ ಬಿಗಿಯಾಗಿದ್ದರೆ ಹೆಜ್ಜೆಗೆ ಪುಟಿತ ಸಿಗುವುದರಿಂದ, ಓಟಗಾರನಿಗೆ ಆ ಬಿಗಿತ ಲಾಭವೇ. ಯೊಕೊ ಗೆರಿ, ಅಂದರೆ ಪಕ್ಕಕ್ಕೆ ಒದೆಯುವ ಒದೆತ, ಹೊಡೆಯುವವನಿಗಾದರೋ ತೊಡೆಯ ಒಳಭಾಗದ ಸ್ನಾಯುಗಳು ಪೂರ್ತಿ ಹಿಗ್ಗಬೇಕು. ಆದ್ದರಿಂದ ಓಟವು ನಮ್ಯತೆಯನ್ನು ಕಸಿಯುತ್ತದೆ ಎನ್ನುವುದಕ್ಕಿಂತ, ಕೀಲಿನ ಚಲನೆಯ ಕೊನೆಯ ಅಂಚನ್ನು ಬಳಸದೆ ಬಿಡುತ್ತದೆ ಎನ್ನುವುದು ಹೆಚ್ಚು ಸರಿ. ವಾರಕ್ಕೆ ಎರಡು ಸಲ ಕುಕ್ಕರಹಳ್ಳಿ ಕೆರೆಯ ಸುತ್ತ ಹಗುರವಾಗಿ ಓಡಿ, ಮೈ ಬಿಸಿಯಾಗಿರುವಾಗಲೇ ತೊಡೆಯ ಹಿಂಭಾಗ, ತೊಡೆಸಂದು ಮತ್ತು ಮೀನಖಂಡಗಳನ್ನು ತಲಾ 30 ಸೆಕೆಂಡಿನಂತೆ ಹಿಗ್ಗಿಸಿ ಹಿಡಿಯುತ್ತ ಬಂದ ಮೇಲೆ ನನ್ನ ಒದೆತದ ಎತ್ತರವೇನೂ ಇಳಿಯಲಿಲ್ಲ. ಇದೇ ಹಿಡಿತವನ್ನು ಕುಮಿಟೆಗೆ ಮೊದಲು ದೀರ್ಘವಾಗಿ ಮಾಡಿದರೆ ಕಾಲಿನ ಚುರುಕು ತಗ್ಗುತ್ತದೆ. ಆಗ ಗೋಡೆ ಹಿಡಿದು ಕಾಲನ್ನು ಹಿಂದೆ ಮುಂದೆ ಬೀಸುವುದೇ ಸಾಕು.

ಸೈಕಲ್ ಮಂಡಿಗೆ ಹಿತವೆಂಬುದು ನಿಜವಾದರೂ, ಅದರ ಮೇಲೆ ಕುಳಿತಷ್ಟು ಹೊತ್ತೂ ಸೊಂಟ ಪೂರ್ತಿ ನೆಟ್ಟಗಾಗುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನನ್ನಂಥವರು ಸಂಜೆ ಮತ್ತೆ ಸೀಟಿನ ಮೇಲೆ ಕುಳಿತರೆ, ಮೇ ಗೆರಿಯಲ್ಲಿ (ನೇರ ಮುಂದಕ್ಕೆ ಒದೆಯುವ ಒದೆತದಲ್ಲಿ) ಸೊಂಟವನ್ನು ಮುಂದಕ್ಕೆ ತಳ್ಳಬೇಕಾದ ಗಳಿಗೆಯಲ್ಲಿ, ನೆಲದ ಮೇಲಿರುವ ಕಾಲಿನ ತೊಡೆಯ ಮುಂಭಾಗವೇ ತಡೆಯುತ್ತದೆ. ಸೈಕಲ್ ತುಳಿದ ದಿನ ಒಂದು ಮಂಡಿಯನ್ನು ನೆಲಕ್ಕೂರಿ ಸೊಂಟವನ್ನು ಮುಂದೆ ಒತ್ತುವುದನ್ನು ನಾನು ತಪ್ಪಿಸುವುದಿಲ್ಲ. ಸ್ಕಿಪ್ಪಿಂಗ್ ಕುಮಿಟೆಯ ಕಾಲ್ಚಲನೆಗೆ ಒಳ್ಳೆಯದು, ಮೀನಖಂಡವನ್ನು ಮಾತ್ರ ಬಿಗಿಮಾಡುತ್ತದೆ.

ಉಸಿರನ್ನೂ ನಮ್ಯತೆಯನ್ನೂ ಒಟ್ಟಿಗೆ ಬೆಳೆಸಿದ್ದು ಒದೆತದ ಸುತ್ತುಗಳು. ಜೊತೆಗಾರ ಪ್ಯಾಡ್ ಹಿಡಿಯುತ್ತಾನೆ. 2 ನಿಮಿಷ ಒದೆತ, 1 ನಿಮಿಷ ವಿಶ್ರಾಂತಿ. ಮೊದಲ ಸುತ್ತಿನಲ್ಲಿ ಪ್ಯಾಡ್ ಸೊಂಟದ ಮಟ್ಟದಲ್ಲಿರುತ್ತದೆ, ಎರಡನೆಯದರಲ್ಲಿ ಎದೆಯ ಮಟ್ಟಕ್ಕೆ ಏರುತ್ತದೆ, ಮೈ ಚೆನ್ನಾಗಿ ಬಿಸಿಯಾದ ಮೂರನೆಯದರಲ್ಲಿ ತಲೆಯ ಮಟ್ಟಕ್ಕೆ ಬರುತ್ತದೆ. ಇಲ್ಲಿ ಗಮನವಿಡಬೇಕಾದದ್ದು ಒದೆಯುವ ಕಾಲಿನ ಮೇಲಲ್ಲ, ನಿಂತ ಕಾಲಿನ ಹಿಮ್ಮಡಿಯ ಮೇಲೆ. ದಣಿವಾದಂತೆ ಆ ಹಿಮ್ಮಡಿ ಪ್ಯಾಡಿನ ಕಡೆಗೆ ತಿರುಗುವುದನ್ನು ನಿಲ್ಲಿಸುತ್ತದೆ. ಅದು ತಿರುಗದಿದ್ದರೆ ಸೊಂಟ ತೆರೆದುಕೊಳ್ಳುವುದಿಲ್ಲ, ತಿರುಚುವ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಹಾಗಾದ ತಕ್ಷಣ ಪ್ಯಾಡನ್ನು ಒಂದು ಮಟ್ಟ ಕೆಳಗಿಳಿಸಲು ಜೊತೆಗಾರನಿಗೆ ಹೇಳಿಟ್ಟಿರುತ್ತೇನೆ. ಎತ್ತರಕ್ಕೆ ಹಟ ಹಿಡಿಯುವ ಹುಡುಗರಿಗೆ ಇದು ರುಚಿಸುವುದಿಲ್ಲ, ಆದರೂ ಮಂಡಿ ಉಳಿಯಬೇಕಲ್ಲ.

ಮೈಸೂರಿನವರಿಗೆ ದಮ್ಮು ಬೆಳೆಸುವುದೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು. ಸಾವಿರಕ್ಕೂ ಹೆಚ್ಚಿರುವ ಅವುಗಳನ್ನು ಹತ್ತುವಾಗ ಮಂಡಿ ಮೇಲೇಳುವುದು ಒದೆತದ ಮೊದಲ ಹಂತಕ್ಕೆ ಹತ್ತಿರವಾದ ಚಲನೆಯೇ ಆದ್ದರಿಂದ, ಹತ್ತುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ತೊಂದರೆಯಿರುವುದು ಇಳಿಯುವುದರಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುತ್ತದೆ, ಅದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ನೋವು ಅಂದು ಕಾಣಿಸದೆ, ಒಂದೆರಡು ದಿನಗಳಲ್ಲಿ ತಾರಕಕ್ಕೇರುತ್ತದೆ. ಆ ದಿನಗಳಲ್ಲಿ ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸುವುದೂ ಕಷ್ಟವಾಗುವಾಗ, ಮಂಡಿ ಮಡಚಿ ಎತ್ತಬೇಕಾದ ಮವಾಶಿ ಗೆರಿಯ ಮಾತೇ ಬೇಡ. ಆಗಾಗ ಇಳಿಯುವ ರೂಢಿಯಿದ್ದರೆ ಸ್ನಾಯು ಒಗ್ಗಿಕೊಂಡು ನೋವು ಕಡಿಮೆಯಾಗುವುದರಿಂದ, ಸ್ಪರ್ಧೆಯಾಗಲಿ ಬೆಲ್ಟ್ ಪರೀಕ್ಷೆಯಾಗಲಿ ದೂರವಿರುವ ತಿಂಗಳುಗಳಲ್ಲಿ ಇಳಿಯುವುದನ್ನೂ ಅಭ್ಯಾಸಕ್ಕೆ ಸೇರಿಸಿಕೊಳ್ಳುತ್ತೇನೆ. ಅವು ಹತ್ತಿರವಿದ್ದಾಗ ಹತ್ತುವುದಷ್ಟೇ ಕಾಲಿನ ಕೆಲಸ. ಇಳಿಯುವುದು ಸಿಟಿ ಬಸ್ಸಿನಲ್ಲಿ.