ಅಲ್ಸು: ಮೂರು ಭಾಷೆಗಳ ಗಾಯಕಿಯನ್ನು ಕೇಳುವ ಕ್ರಮ

ರಷ್ಯಾದ ಪಾಪ್ ಗಾಯಕಿ ಅಲ್ಸು ಅವರನ್ನು ಹೊಸದಾಗಿ ಕೇಳುವವರು ಸಾಮಾನ್ಯವಾಗಿ ಯುರೋಪಿನ ದೇಶಗಳ ನಡುವೆ ಪ್ರತಿವರ್ಷ ನಡೆಯುವ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ ಅವರು ಹಾಡಿದ ಗೀತೆಯಿಂದಲೇ ತೊಡಗುತ್ತಾರೆ. ಅದರ ಬದಲು ಹಾಡುಗಳನ್ನು ಭಾಷೆಯ ಪ್ರಕಾರ ವಿಂಗಡಿಸಿ, ಟಾಟರ್ (ರಷ್ಯಾದ ಒಂದು ತುರ್ಕಿ ಭಾಷೆ) ಹಾಡುಗಳನ್ನು ಕೊನೆಗೆ ಉಳಿಸಿಕೊಂಡರೆ ಅವರ ವೃತ್ತಿಜೀವನ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ರಷ್ಯನ್. 1983ರಲ್ಲಿ ರಷ್ಯಾದೊಳಗಿನ ಟಾಟರ್ ಜನರ ಪ್ರಾಂತ್ಯವಾದ ಟಾಟರ್‌ಸ್ತಾನದ ಬುಗುಲ್ಮಾದಲ್ಲಿ ಹುಟ್ಟಿದ ಅವರಿಗೆ 1999ರಲ್ಲಿ ಹೆಸರು ತಂದುಕೊಟ್ಟದ್ದು ‘ಜೀಮ್ನಿ ಸೋನ್’ ಎಂಬ ರಷ್ಯನ್ ಗೀತೆ. ಸಾಹಿತ್ಯವನ್ನು ಮುಂದಿಟ್ಟುಕೊಂಡೇ ಕೇಳಿ. ರಷ್ಯನ್ನಿನಲ್ಲಿ ಒತ್ತು ಬೀಳದ ‘ಒ’ಕಾರವು ‘ಅ’ಕಾರದ ಕಡೆಗೆ ವಾಲುವುದರಿಂದ ಬರೆದದ್ದಕ್ಕೂ ಹಾಡಿದ್ದಕ್ಕೂ ವ್ಯತ್ಯಾಸ ಕಾಣುತ್ತದೆ, ಅದು ಗಾಯಕಿಯ ತಪ್ಪಲ್ಲ.

ಅನಂತರ ಇಂಗ್ಲಿಷ್. ಸ್ವಂತ ದೇಶದ ಭಾಷೆಯಲ್ಲೇ ಹಾಡಬೇಕೆಂಬ ಕಟ್ಟಳೆಯನ್ನು ಯೂರೋವಿಷನ್ 1999ರಲ್ಲಿ ಸಡಿಲಿಸಿತ್ತು. ಮರುವರ್ಷದ ಮೇ 13ರಂದು ಸ್ಟಾಕ್‌ಹೋಮ್‌ನಲ್ಲಿ ಹದಿನಾರರ ಅಲ್ಸು ‘ಸೋಲೋ’ ಎಂಬ ಇಂಗ್ಲಿಷ್ ಗೀತೆಯನ್ನು ಹಾಡಿ, 155 ಅಂಕಗಳೊಡನೆ ಡೆನ್ಮಾರ್ಕಿನ ನಂತರದ ಎರಡನೆಯ ಸ್ಥಾನ ಪಡೆದರು. ರಷ್ಯಾಕ್ಕೆ ಆವರೆಗೆ ದೊರೆತಿದ್ದ ಅತ್ಯುತ್ತಮ ಸ್ಥಾನ ಅದು. ಅವರು ಲಂಡನ್ನಿನಲ್ಲಿ ಓದಿದವರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಉಚ್ಚಾರವನ್ನು ಗಮನಿಸಿ. 2009ರಲ್ಲಿ ಮಾಸ್ಕೋದಲ್ಲಿ ನಡೆದ ಇದೇ ಸ್ಪರ್ಧೆಯ ಅಂತಿಮ ಸುತ್ತನ್ನು ಟಿವಿ ನಿರೂಪಕ ಇವಾನ್ ಉರ್ಗಾಂತ್ ಅವರೊಂದಿಗೆ ನಿರೂಪಿಸಿದವರೂ ಇವರೇ.

ಹೆಚ್ಚು ಸಮಯ ಕೊಡಬೇಕಾದದ್ದು 2008ರ ‘ತುಗನ್ ತೆಲ್’ ಆಲ್ಬಮ್‌ಗೆ. ಇದರಲ್ಲಿ ಟಾಟರ್ ಹಾಗೂ ಅದಕ್ಕೆ ಹತ್ತಿರದ ಭಾಷೆಯಾದ ಬಶ್ಕೀರ್ ಹಾಡುಗಳಿವೆ. ಶೀರ್ಷಿಕೆ ಗೀತೆ ಟಾಟರ್ ಕವಿ ಗಬ್ದುಲ್ಲಾ ತುಕಾಯ್ (1886–1913) ತಾಯ್ನುಡಿಯನ್ನು ಕುರಿತು ಬರೆದ ಕವಿತೆ. ಟಾಟರ್ ಜನಪದ ಸಂಗೀತವು ಬಹುಪಾಲು ಅರ್ಧಸ್ವರದ ಅಂತರವಿಲ್ಲದ ಐದು ಸ್ವರಗಳಲ್ಲಿ ಸಾಗುತ್ತದೆ. ಆದ್ದರಿಂದ ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ: ಹಾರ್ಮೋನಿಯಂನ ಕರಿ ಮನೆಗಳನ್ನು ಮಾತ್ರ ನುಡಿಸುತ್ತಾ ಹಾಡಿನ ಆಧಾರ ಸ್ವರ ಯಾವ ಮನೆಯಲ್ಲಿ ನಿಲ್ಲುತ್ತದೆಂದು ಹುಡುಕಿ. ಆಧಾರ ಬದಲಾದಂತೆ ಅವೇ ಐದು ಮನೆಗಳು ಮೋಹನವಾಗಿಯೋ ಮಧ್ಯಮಾವತಿಯಾಗಿಯೋ ಶುದ್ಧ ಧನ್ಯಾಸಿಯಾಗಿಯೋ ಕೇಳಿಸುತ್ತವೆ. ಗ್ರಹಭೇದ (ಆಧಾರ ಸ್ವರವನ್ನು ಬದಲಿಸಿ ಬೇರೆ ರಾಗ ಪಡೆಯುವುದು) ಅಭ್ಯಾಸ ಮಾಡಿದವರಿಗೆ ಇದು ಹೊಸತಲ್ಲ. ಆದರೆ ಸ್ವರಗಳು ಹೊಂದಿದ ಮಾತ್ರಕ್ಕೆ ಅದನ್ನು ನಮ್ಮ ರಾಗವೆಂದು ಕರೆಯಬಾರದು. ಸ್ವರದಿಂದ ಸ್ವರಕ್ಕೆ ಜಾರುವ ರೀತಿಯೇ ಬೇರೆ.

ಆ ಜಾರುವಿಕೆಯನ್ನು ಟಾಟರರು ‘ಮೊಂಗ್’ ಎನ್ನುವ, ವಿಷಾದ ಬೆರೆತ ಹಂಬಲದ ಭಾವದೊಡನೆ ಬೆಸೆದು ಕೇಳುತ್ತಾರೆ. ಅದರ ಪೂರ್ಣರೂಪ ತಿಳಿಯಬೇಕಾದರೆ ಟಾಟರ್ ಗಾಯಕ ಇಲ್ಹಾಮ್ ಶಾಕಿರೋವ್ (1935–2019) ಅವರ ಧ್ವನಿಮುದ್ರಿಕೆಯೊಂದನ್ನು ಕೇಳಿ, ಮತ್ತೆ ಅಲ್ಸು ಅವರಿಗೆ ಮರಳಿ. ಒಂದೇ ಅಕ್ಷರದ ಮೇಲೆ ಶಾಕಿರೋವ್ ಎಷ್ಟು ಸ್ವರಗಳನ್ನು ಸುತ್ತಿಬರುತ್ತಾರೆ, ಪಾಪ್ ವಾದ್ಯಮೇಳದ ತಾಳಕ್ಕೆ ಹೊಂದಿಕೊಳ್ಳಲು ಅಲ್ಸು ಅವುಗಳಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಂಡಿದ್ದಾರೆ ಎಂಬುದನ್ನು ಸಾಲು ಸಾಲಾಗಿ ಗುರುತು ಹಾಕಿಕೊಳ್ಳಿ.