ಬಿಸಿಲಿಗೆ ಹೆದರಿ ಮಳೆಗೆ ಸಿಕ್ಕಿದ ಅನಾನಸ್

2025ರ ಮೇ ಕೊನೆಯಲ್ಲಿ ಬೆಂಗಳೂರಿನಿಂದ ಭಾವ ಫೋನ್ ಮಾಡಿದರು. "ಟಿವಿಯಲ್ಲಿ ಮುಂಗಾರು ಬಂತು ಅಂತಿದ್ದಾರಲ್ಲೋ, ನಮ್ಮ ಹಣ್ಣು ಎಂತ ಆತು?" ಅಂದರು. ನಾನಾಗ ಸೊರಬದ ಹತ್ತಿರದ ನಮ್ಮ ಹೊಲದ ಬದುವಿನ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದೆ. ಮುಂದೆ ಮೂರು ಎಕರೆ ಅನಾನಸ್, ಎಲ್ಲಾ ಹಣ್ಣಿಗೆ ತಿರುಗಿದ್ದು. ಟಾರು ರಸ್ತೆ ಅರ್ಧ ಕಿಲೋಮೀಟರ್ ದೂರ. ನಡುವೆ ಬರೀ ಕೆಸರು. "ಹಣ್ಣು ಚೆನ್ನಾಗಿದೆ ಭಾವ, ತಗೊಂಡು ಹೋಗೋರಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಹಣ್ಣಿನಲ್ಲಿ ಅವರ ನಾಲ್ಕು ಲಕ್ಷ ಇತ್ತು.

ಸೊರಬ, ಬನವಾಸಿ ಕಡೆ ಅನಾನಸ್ ಹೊಸದಲ್ಲ. ನಾನು ಕಂದು, ಅಂದರೆ ಅನಾನಸ್ ಮರಿಗಿಡ, ನೆಟ್ಟಿದ್ದು 2022ರ ಆಗಸ್ಟ್‌ನಲ್ಲಿ. ಕ್ಯೂ ತಳಿ, ಎಕರೆಗೆ 17 ಸಾವಿರ, ಜೋಡಿ ಸಾಲು. ಕಂದು, ಗೊಬ್ಬರ, ಆಳು ಎಲ್ಲಾ ಸೇರಿ ಏಳೂವರೆ ಲಕ್ಷ ಹಿಡಿಯಿತು. ಅಷ್ಟು ನನ್ನ ಹತ್ತಿರ ಇರಲಿಲ್ಲ, ಭಾವ ನಾಲ್ಕು ಹಾಕಿದರು. ಕರಾರು ಆಗಿದ್ದು ಊಟದ ಎಲೆ ಮುಂದೆ, ಬಾಯಿಮಾತಲ್ಲಿ. ಲಾಭದಲ್ಲಿ ಅರ್ಧ ಅರ್ಧ. ನಷ್ಟದ ಸುದ್ದಿ ಇಬ್ಬರೂ ಎತ್ತಲಿಲ್ಲ. ನೆಂಟರ ನಡುವೆ ಅಪಶಕುನ ಮಾತಾಡೋದು ಯಾಕೆ ಅಂತ, ಅಲ್ವಾ?

ಅನಾನಸ್ ತಾನಾಗಿ ಬಿಟ್ಟರೆ ಒಂದು ಗಿಡ ಇವತ್ತು, ಇನ್ನೊಂದು ಮೂರು ತಿಂಗಳಿಗೆ ಹೂ ಬಿಡುತ್ತದೆ. ಹಾಗಾದರೆ ಲಾರಿ ತುಂಬಲ್ಲ. ಅದಕ್ಕೆ ಗಿಡಕ್ಕೆ ಸುಮಾರು 40 ಎಲೆ ಬಂದ ಮೇಲೆ ಹೂವಿನ ಔಷಧಿ ಹಾಕುತ್ತೇವೆ. ಎಥ್ರೆಲ್, ಯೂರಿಯಾ ನೀರಿಗೆ ಕಲಸಿ ಒಂದೊಂದು ಗಿಡದ ಸುಳಿಗೂ 50 ಮಿಲಿ ಲೀಟರ್ ಹೊಯ್ಯೋದು. ಹೊಯ್ದ ಮೇಲೆ ಒಂದು ದಿನ ಮಳೆ ಬರಬಾರದು. ನಲವತ್ತು ದಿನಕ್ಕೆ ಹೂ ಕಾಣುತ್ತದೆ, 130-135 ದಿನಕ್ಕೆ ಹಣ್ಣು ಕೊಯ್ಲಿಗೆ ಬರುತ್ತದೆ. ಅಂದರೆ ಔಷಧಿ ಹಾಕಿದ ದಿನವೇ ಕೊಯ್ಲಿನ ವಾರ ನಿಶ್ಚಯ ಆದ ಹಾಗೆ. ನಾಲ್ಕೂವರೆ ತಿಂಗಳ ಆಚೆ ಆಕಾಶ ಹೇಗಿರುತ್ತದೆ ಅಂತ ನೀವು ಇವತ್ತು ಜೂಜು ಕಟ್ಟಬೇಕು.

ನನ್ನ ಮೊದಲ ಜೂಜು ರಂಜಾನ್ ಮೇಲೆ. 2024ರಲ್ಲಿ ಉಪವಾಸ ಮಾರ್ಚ್ 12ಕ್ಕೆ ಶುರುವಾಗಿತ್ತು. ಆ ತಿಂಗಳು ಹಣ್ಣಿಗೆ ಬೇಡಿಕೆ ಜಾಸ್ತಿ. ಅದಕ್ಕೆ ಅಂತ 2023ರ ನವೆಂಬರ್ ಮೊದಲ ವಾರ ಮೂರೂ ಎಕರೆಗೆ ನಾಲ್ಕೇ ದಿನದಲ್ಲಿ ಔಷಧಿ ಹಾಕಿಸಿದೆ. ಆಳುಗಳು ಸಿಕ್ಕಿದ್ದರು, ಒಂದೇ ಸಲ ಮುಗಿಸೋಣ ಅಂತ. ತಪ್ಪು ಆಗಿದ್ದು ಅಲ್ಲೇ.

2023ರಲ್ಲಿ ಮುಂಗಾರು ಕೈ ಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆ ಆಯಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಗಿಡ ಸೊರಗಿತ್ತು, ಸುಮಾರು ಗಿಡಕ್ಕೆ 40 ಎಲೆಯೂ ಇರಲಿಲ್ಲ. ಕಂಡರೂ ಕಾಣದ ಹಾಗೆ ಔಷಧಿ ಹೊಯ್ಸಿದೆ. ಮಾರ್ಚ್‌ಗೆ ಹಣ್ಣು ಬಂತು, ಆದರೆ ಸಣ್ಣದು. ಮೇಲಿಂದ ಬಿಸಿಲು ಸುಟ್ಟಿತು.

ಬಿಸಿಲು ಸುಡೋದು ಅಂದರೆ ನೋಡದವರಿಗೆ ಅರ್ಥ ಆಗಲ್ಲ. ಪಡುವಣ ಕಡೆ ಮಧ್ಯಾಹ್ನದ ಬಿಸಿಲು ಬೀಳುವ ಮಗ್ಗುಲು ಮೊದಲು ಬಿಳಿಚುತ್ತದೆ, ಆಮೇಲೆ ಕಂದಾಗಿ ಒಳಗೆ ಮೆತ್ತಗಾಗುತ್ತದೆ. ಇನ್ನೊಂದು ಮಗ್ಗುಲು ನೋಡಿದರೆ ಚಿನ್ನದಂಥ ಹಣ್ಣು. ವ್ಯಾಪಾರಿ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಎಸೆಯುತ್ತಾನೆ. ತಡೆಯೋಕೆ ಉಪಾಯ ಹಳೆಯದೇ, ಹಣ್ಣಿಗೆ ಕರಡವೋ ಒಣಹುಲ್ಲೋ ಹೊದಿಸೋದು. ಎಕರೆಗೆ ಮೂವತ್ತು ಆಳು ಬೇಕು. ಎಲ್ಲರ ಹೊಲದಲ್ಲೂ ಅದೇ ವಾರ ಅದೇ ಕೆಲಸ. ನನಗೆ ಒಂದು ಎಕರೆಗೆ ಮಾತ್ರ ಹೊದಿಸಲು ಆಯಿತು. ಒಟ್ಟು 38 ಟನ್‌ನಲ್ಲಿ 25 ಟನ್ ಕೆಜಿಗೆ 28 ರೂಪಾಯಿಯಂತೆ ಹೋಯಿತು, ಸುಟ್ಟ 13 ಟನ್ ಜ್ಯೂಸ್ ಫ್ಯಾಕ್ಟರಿಗೆ 9ರಂತೆ. ಖರ್ಚು ಕಳೆದು ಉಳಿದಿದ್ದು ಅರವತ್ತೇಳು ಸಾವಿರ. ಭಾವನ ಪಾಲು ಮೂವತ್ತಮೂರೂವರೆ ಸಾವಿರ. ಅಸಲು ಕೂಳೆಗೆ, ಅಂದರೆ ಅದೇ ಬುಡದಿಂದ ಮತ್ತೆ ಬರುವ ಬೆಳೆಗೆ, ಇರಲಿ ಅಂತ ಬಿಟ್ಟರು. ಬ್ಯಾಂಕಲ್ಲಿ ಎಫ್‌ಡಿ ಇಟ್ಟು ಸುಮ್ನೆ ಮಲಗಿದ್ದರೂ ಅದಕ್ಕಿಂತ ಜಾಸ್ತಿ ಬರುತ್ತಿತ್ತು. ಅವರು ಹಾಗನ್ನಲಿಲ್ಲ. ಅಕ್ಕ ಅಂದಳು.

ಕೂಳೆಗೆ ನಾನು ಬಿಸಿಲಿಗೆ ಹೆದರಿ ಲೆಕ್ಕ ಬದಲಾಯಿಸಿದೆ. ನಮ್ಮಪ್ಪನ ಕಾಲದಿಂದ ನಮ್ಮಲ್ಲಿ ಮಳೆಯ ಭರವಸೆ ಮೃಗಶಿರಾಕ್ಕೆ, ಅಂದರೆ ಜೂನ್ 7-8ರ ಮೇಲೆ. ಮೇ ಕೊನೆಗೆ ಹಣ್ಣು ಬಂದರೆ ಅಡ್ಡಮಳೆಗೆ ನೆಲ ತಂಪಾಗಿರುತ್ತದೆ, ಮುಂಗಾರಿಗೆ ಮೊದಲೇ ಲಾರಿ ಹೊರಡುತ್ತದೆ. 2025ರ ಜನವರಿ 10ರ ಹೊತ್ತಿಗೆ ಮತ್ತೆ ಮೂರೂ ಎಕರೆಗೆ ಒಂದೇ ಸಲ ಹಾಕಿಸಿದೆ. ಒಂದು ಸಲ ಎಡವಿದ ಕಲ್ಲಿಗೇ ಎರಡನೇ ಸಲ ಎಡವಿದೆ. ಆ ವರ್ಷ ಮುಂಗಾರು ಕೇರಳಕ್ಕೆ ಬಂದಿದ್ದು ಮೇ 24ಕ್ಕೆ. ವಾಡಿಕೆ ಜೂನ್ 1. 2009ರ ನಂತರ ಅಷ್ಟು ಬೇಗ ಬಂದಿದ್ದೇ ಇಲ್ಲ. ಕೇರಳಕ್ಕೆ ಬಂದದ್ದು ನಮ್ಮ ಘಟ್ಟ ಹತ್ತಲು ಎಷ್ಟು ಹೊತ್ತು? ರೋಹಿಣಿ ಹುಟ್ಟುತ್ತಲೇ ಹಿಡಿಯಿತು.

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತಾರೆ. ಗಾದೆ ಮಾಡಿದವನ ಹೊಲದಲ್ಲಿ ಮಾಗಿದ ಅನಾನಸ್ ಇರಲಿಲ್ಲ ಅಂತ ಕಾಣುತ್ತದೆ.

ಮಳೆಗೆ ಮೊದಲು ಆರು ಟನ್ ಕಡಿದಿದ್ದೆವು, 24 ರೂಪಾಯಿ ಸಿಕ್ಕಿತ್ತು. ಆಮೇಲೆ ಅಡ್ವಾನ್ಸ್ ಕೊಟ್ಟಿದ್ದ ವ್ಯಾಪಾರಿ ಬರಲೇ ಇಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒದ್ದೆ ಹಣ್ಣು ತುಂಬಿದರೆ ದೆಹಲಿ ಮುಟ್ಟುವುದರೊಳಗೆ ಅರ್ಧ ಕೊಳೆಯುತ್ತದೆ. ಮಳೆಯಲ್ಲಿ ಮಾಗಿದ್ದಕ್ಕೆ ಸಿಹಿಯೂ ಕಡಿಮೆ. ಚಳಿಗಾಳಿ ಬೀಸಿದರೆ ಪೇಟೆಯಲ್ಲಿ ತಿನ್ನುವವರೂ ಇಲ್ಲ. ಅವನ ಅಡ್ವಾನ್ಸೂ ನನ್ನ ಹೊಲದಲ್ಲೇ ಕೂತಿತ್ತು. ಭಾವ, ವ್ಯಾಪಾರಿ, ನಾನು, ಮೂವರ ದುಡ್ಡೂ ಒಂದೇ ವಾರದ ಮೇಲೆ ಕೂತಿದ್ದವು. ತಲೆಹೊರೆಯಲ್ಲಿ ರಸ್ತೆಗೆ ಸಾಗಿಸಿ 18 ಟನ್ ಫ್ಯಾಕ್ಟರಿಗೆ 7ರಂತೆ ಕೊಟ್ಟೆ. ಉಳಿದದ್ದು ಗಿಡದಲ್ಲೇ ಕೊಳೆಯಿತು. ಆ ಹುಳಿ ವಾಸನೆ ಜುಲೈವರೆಗೂ ಹೋಗಲಿಲ್ಲ.

ವಿಮೆ ಇರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅನಾನಸಿಗೆ ನನ್ನದು ಇರಲಿಲ್ಲ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟುತ್ತೇನೆ, ಹೆಕ್ಟೇರಿಗೆ 1,28,000ಕ್ಕೆ ಶೇ. 5ರಂತೆ 6,400. ಅದರಲ್ಲೂ ಲೆಕ್ಕ ಪಂಚಾಯ್ತಿಯ ಮಳೆಮಾಪಕದ್ದು. ತೋಟಕ್ಕೆ ಬಂದು ಯಾರೂ ಕೊಳೆತ ಕಾಯಿ ಎಣಿಸಲ್ಲ.

ಈಗ ಬೇರೆ ಥರ ಮಾಡಿದ್ದೇನೆ. ಮೂರು ಎಕರೆಯನ್ನು ಆರು ಭಾಗ ಮಾಡಿ, 2025ರ ಅಕ್ಟೋಬರ್‌ನಿಂದ ಒಂದೊಂದಕ್ಕೂ ಇಪ್ಪತ್ತು ದಿನ ಬಿಟ್ಟು ಔಷಧಿ. ಎಲೆ ಎಣಿಸಿ, ಬಡವಾದ ಗಿಡ ಬಿಟ್ಟು. ಐದು ಭಾಗಕ್ಕೆ ಹಾಕಿ ನಿಲ್ಲಿಸಿದ್ದೇನೆ. ಆರನೆಯದು ಮಳೆಗಾಲ ಕಳೆದ ಮೇಲಿನ ಕೊಯ್ಲಿಗೆ. ಇದರಲ್ಲಿ ನಷ್ಟವೂ ಇದೆ. ಅರ್ಧ ಎಕರೆ ಹಣ್ಣಿಗೆ ವ್ಯಾಪಾರಿ ಕೆಜಿಗೆ ಎರಡು ರೂಪಾಯಿ ಕಡಿಮೆ ಹೇಳುತ್ತಾನೆ. ಪಕ್ಕದ ಹೊಲದವರ ಜೊತೆ ಸೇರಿ ಲಾರಿ ತುಂಬಿಸೋ ಮಾತಾಗಿದೆ, ಅವರ ದಿನಕ್ಕೂ ನಮ್ಮ ದಿನಕ್ಕೂ ಇನ್ನೂ ಹೊಂದಿಕೆ ಆಗಿಲ್ಲ. ರಸ್ತೆವರೆಗೆ ಜಂಬಿಟ್ಟಿಗೆ ಕಲ್ಲಿನ ಚೂರು ಹಾಕಿಸಿದೆ, ಅದಕ್ಕೇ ಮೂವತ್ತು ಸಾವಿರ ಹೋಯಿತು. ಕರಡವನ್ನು ಡಿಸೆಂಬರ್‌ನಲ್ಲೇ ಕೊಯ್ಸಿ ಬಣವೆ ಹಾಕಿಟ್ಟೆ.

ಭಾವನ ಜೊತೆ ಈ ಸಲ ಕಾಗದದಲ್ಲಿ ಬರೆದುಕೊಂಡಿದ್ದೇವೆ. ನಷ್ಟ ಆದರೂ ಅರ್ಧ ಅರ್ಧ, ನನ್ನ ದುಡಿಮೆಗೆ ಮೊದಲು ಕೂಲಿ ಹಿಡಿಯಬೇಕು, ಮಾರಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಕೆಟ್ಟ ವರ್ಷಕ್ಕೆ ಅಂತ ಬೇರೆ ಇಡಬೇಕು. ಬರೆಯುವಾಗ ಇಬ್ಬರಿಗೂ ಮುಜುಗರ ಆಯಿತು. ಅಕ್ಕ ಕಾಫಿ ತಂದಿಟ್ಟು, "ಮೊದಲೇ ಮಾಡಬೇಕಿತ್ತು" ಅಂತ ಒಳಗೆ ಹೋದಳು.

ಮೊದಲ ಭಾಗಕ್ಕೆ ಕರಡ ಹೊದಿಸುವಾಗ ಭಾವ ಎರಡು ದಿನ ರಜೆ ಹಾಕಿ ಬಂದಿದ್ದರು. "ಎಂತ ಕಷ್ಟ ಇದರಲ್ಲಿ, ಹುಲ್ಲು ಇಡೋದಲ್ವಾ ಮಾರಾಯ" ಅಂತ ಸಾಲಿಗೆ ಇಳಿದರು. ಎಪ್ಪತ್ತು ಹಣ್ಣು ಆಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂತು, ಒಟ್ಟು ಎಷ್ಟಿದೆ ಅಂತ ಕೇಳಿದರು. ಈ ಭಾಗದಲ್ಲಿ ಎಂಟು ಸಾವಿರ ಅಂದೆ.