ಹನ್ನೆರಡು ಜನರ ನಾಟಕ ತಂಡ: ಯಾರ ಕೈಯಲ್ಲಿ ಏನಿರಬೇಕು

ಪ್ರದರ್ಶನಕ್ಕೆ ಹತ್ತು ದಿನ ಇದೆ. ನಿರ್ದೇಶಕರು ತಾಲೀಮಿನ ನಡುವೆ ಫೋನ್ ಹಿಡಿದುಕೊಂಡು ಟೆಂಪೋದವನ ಹತ್ತಿರ ಬಾಡಿಗೆ ಚೌಕಾಸಿ ಮಾಡುತ್ತಿದ್ದಾರೆ. ನಟರು ಚಹಾ ಕುಡಿಯುತ್ತಾ ಕೂತಿದ್ದಾರೆ. ಈ ದೃಶ್ಯ ಕಂಡರೆ ಆ ತಂಡದಲ್ಲಿ ಕೆಲಸ ಹಂಚಿಲ್ಲ ಎಂದೇ ಲೆಕ್ಕ.

ಕಂಪನಿ ನಾಟಕದಲ್ಲಿ ಮಾಲೀಕರ ಮಾತೇ ಕೊನೆ. ಗುಬ್ಬಿ ವೀರಣ್ಣನವರು ಕಂಪನಿಯ ಒಡೆಯರೂ ಹೌದು, ರಂಗದ ಮೇಲೆ ಹಾಸ್ಯನಟರೂ ಹೌದು. ಆದರೆ ಅವರ ಬೆನ್ನಿಗೆ ಸಂಬಳದ ದೊಡ್ಡ ಬಳಗವೇ ಇತ್ತು. ಹಗಲು ಕೆಲಸಕ್ಕೆ ಹೋಗಿ ಸಂಜೆ ತಾಲೀಮಿಗೆ ಬರುವ ಹವ್ಯಾಸಿ ತಂಡ ಆ ಮಾಲೀಕತನವನ್ನಷ್ಟೇ ಎತ್ತಿಕೊಂಡರೆ ನಿರ್ದೇಶಕರು ಸುಸ್ತಾಗುತ್ತಾರೆ, ಉಳಿದವರು ಪ್ರೇಕ್ಷಕರಾಗುತ್ತಾರೆ.

ಮೊದಲು ಆಡಳಿತ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ 7 ಜನ ಬೇಕು. ಹನ್ನೆರಡು ಜನರ ತಂಡಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರು ಸಾಕು. ಆ ಏಳರಲ್ಲಿ ಉಳಿದ ನಾಲ್ವರು ಸಮಿತಿ ಸದಸ್ಯರು. ಬ್ಯಾಂಕ್ ಖಾತೆಗೆ ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಇರಲಿ. ವಾರ್ಷಿಕ ಮಹಾಸಭೆ, ಲೆಕ್ಕ ಪರಿಶೋಧನೆ, ನೋಂದಣಾಧಿಕಾರಿಗೆ ಸಮಿತಿ ಸದಸ್ಯರ ಪಟ್ಟಿ ಸಲ್ಲಿಸುವುದು ಕಾರ್ಯದರ್ಶಿಯ ಹೊಣೆ. ಎರಡು ಮೂರು ವರ್ಷ ಇದನ್ನು ಮರೆತು, ಅನುದಾನದ ಅರ್ಜಿ ಹಾಕುವ ಹೊತ್ತಿಗೆ ಓಡಾಡುವುದು ಎಲ್ಲ ಕಡೆ ನಡೆಯುವ ಕಥೆ.

ಕಾರ್ಯದರ್ಶಿಯೂ ನಿರ್ದೇಶಕರೂ ಒಬ್ಬರೇ ಆಗಬಾರದು. ಇಬ್ಬರ ನಡುವಿನ ಗೆರೆಯನ್ನು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ನಾಟಕಕ್ಕೆ ಒಟ್ಟು ಇಷ್ಟು ಹಣ ಎಂದು ಹೇಳುವುದು ಸಮಿತಿ. ಅದರೊಳಗೆ ಸೆಟ್‌ಗೆಷ್ಟು, ವಸ್ತ್ರಕ್ಕೆಷ್ಟು ಎಂದು ಹಂಚುವುದು ನಿರ್ದೇಶಕರು. ಮೊತ್ತ ಮೀರಿದರೆ ಬೇಡ ಎನ್ನುವ ಹಕ್ಕು ಕಾರ್ಯದರ್ಶಿಗಿದೆ. ಸಿಂಹಾಸನಕ್ಕೆ ಕೆಂಪು ಬಟ್ಟೆ ಹಾಕಿ ಎನ್ನುವ ಹಕ್ಕಿಲ್ಲ. ಮೊತ್ತ ಹೇಳುವ ಮುಂಚೆ ಗಲ್ಲಾಪೆಟ್ಟಿಗೆಗೆ ಬರುವ ಹಣವನ್ನು ಕೈ ಬಿಗಿಹಿಡಿದು ಲೆಕ್ಕ ಹಾಕಿ: 300 ಆಸನ, 150 ರೂಪಾಯಿ ಟಿಕೆಟ್ ಅಂದರೆ 45,000 ಎಂದು ಬರೆಯಬೇಡಿ, ಅರ್ಧ ತುಂಬಿದರೆ ಬರುವ 22,500 ಬರೆಯಿರಿ.

ನಾಟಕದ ಹಕ್ಕು ಮೊದಲ ಓದಿಗೂ ಮುಂಚಿನ ಕೆಲಸ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳಿಗೆ ಈಗ ಅನುಮತಿ ಬೇಕಿಲ್ಲ. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳಿಗೆ 2044ರ ಕೊನೆಯವರೆಗೂ ಬೇಕು. ಅನುವಾದವಾದರೆ ಮೂಲ ಎಷ್ಟೇ ಹಳೆಯದಾಗಿರಲಿ, ಅನುವಾದಕರ ಹಕ್ಕು ಬೇರೆ.

ನಿರ್ದೇಶಕರ ಕೈಗೆ 45 ಸಂಜೆ ಕೊಡಿ, ದಿನಕ್ಕೆ ಎರಡೂವರೆ ಗಂಟೆ. ಒಂದೂವರೆ ಗಂಟೆಯ ನಾಟಕಕ್ಕೆ ಇದು ಸಾಲುತ್ತದೆ. ಮೊದಲ ಏಳು ದಿನ ಓದು. ಇಪ್ಪತ್ತನೆಯ ದಿನಕ್ಕೆ ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂಬುದು) ಮುಗಿಯಬೇಕು, ಇಪ್ಪತ್ತೈದಕ್ಕೆ ಕೈಯಿಂದ ಪುಸ್ತಕ ಬಿಡಬೇಕು, ಮೂವತ್ತೈದರಿಂದ ದಿನವೂ ಒಂದು ರನ್ ಥ್ರೂ, ಅಂದರೆ ನಿಲ್ಲಿಸದೆ ಇಡೀ ನಾಟಕ. ನಿರ್ದೇಶಕರೇ ಮುಖ್ಯ ಪಾತ್ರ ಮಾಡುವ ಆಸೆ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ಹೊರಗಿನಿಂದ ನೋಡುವ ಕಣ್ಣೇ ಇರುವುದಿಲ್ಲ. ಮಾಡಲೇಬೇಕೆಂದಿದ್ದರೆ ಕೊನೆಯ ಹತ್ತು ದಿನ ನಾಟಕ ನಿಲ್ಲಿಸಿ ತಿದ್ದುವ ಅಧಿಕಾರ ಸಹಾಯಕ ನಿರ್ದೇಶಕರಿಗೆ ಹೋಗಲಿ, ಎಲ್ಲರೆದುರಿಗೇ ಹೇಳಿ.

ಇನ್ನು ರಂಗ ನಿರ್ವಹಣೆ. ಕರಪತ್ರದಲ್ಲಿ ಕೊನೆಗೆ ಬರುವ ಈ ಹೆಸರನ್ನೇ ತಂಡ ಎಲ್ಲರಿಗಿಂತ ಮೊದಲು ಆರಿಸಬೇಕು. ಪಾತ್ರ ಸಿಗದವರಿಗೆ ಸಮಾಧಾನಕ್ಕೆಂದು ಇದನ್ನು ಕೊಡುವುದು ನಮ್ಮ ಹಳೆಯ ಚಾಳಿ, ಅದರ ಫಲವನ್ನು ಪ್ರದರ್ಶನದ ದಿನ ಉಣ್ಣುತ್ತೇವೆ. ರಂಗ ನಿರ್ವಾಹಕರು ಮೊದಲ ಓದಿನಿಂದಲೇ ಕೂರಬೇಕು, ನಟಿಸಬಾರದು.

ಅವರ ಆಯುಧ ಪ್ರಾಂಪ್ಟ್ ಕಾಪಿ. ನಾಟಕವನ್ನು ಒಂದೇ ಮಗ್ಗುಲಿಗೆ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿದರೆ ಬಲಕ್ಕೆ ಮಾತು, ಎಡಕ್ಕೆ ಖಾಲಿ ಪುಟ. ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ಚಲನೆ ಬರೆಯಿರಿ: ಯಾರು, ಯಾವ ಮಾತಿಗೆ, ಯಾವ ವಿಂಗ್‌ನಿಂದ (ರಂಗದ ಪಕ್ಕದ ಮರೆಯಿಂದ). ಪೆನ್ ಬೇಡ, ಇಪ್ಪತ್ತು ಸಲ ಬದಲಾಗುತ್ತದೆ. ಕ್ಯೂ, ಅಂದರೆ ಬೆಳಕು ಅಥವಾ ಧ್ವನಿ ಬದಲಿಸುವ ಸೂಚನೆ, ಬಿಡುವ ಶಬ್ದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಸಂಖ್ಯೆ ಹಾಕಿ: ಬೆಳಕು 7, ಧ್ವನಿ 3. ನಡುವೆ ಹೊಸ ಕ್ಯೂ ಬಂದರೆ 7ಎ ಎನ್ನಿ. ಉಳಿದವುಗಳ ಸಂಖ್ಯೆ ಬದಲಿಸಿದರೆ ಬೆಳಕಿನವರ ಹಾಳೆಗೂ ನಿಮ್ಮ ಹಾಳೆಗೂ ತಾಳ ತಪ್ಪುತ್ತದೆ. ಕ್ಯೂಗೆ ಅರ್ಧ ಪುಟ ಮೊದಲು 'ಬೆಳಕು ಏಳು, ರೆಡಿ' ಎಂದು ಎಚ್ಚರಿಸಬೇಕು. 'ಗೋ' ಎಂಬ ಶಬ್ದ ಬಾಯಿಂದ ಬರಬೇಕಾದ್ದು ಕ್ಯೂ ಬಿಡುವ ಕ್ಷಣದಲ್ಲಿ ಮಾತ್ರ. 'ಈಗ ಗೋ ಹೇಳಲಾ?' ಎಂದು ಹೆಡ್‌ಸೆಟ್‌ನಲ್ಲಿ ಕೇಳಿದರೆ ಅಲ್ಲಿಗೆ ದೀಪ ಆರಿತು ಎಂದೇ ತಿಳಿಯಿರಿ.

ಪ್ರಾಪರ್ಟಿಗೆ, ಅಂದರೆ ರಂಗದ ಮೇಲೆ ನಟರು ಬಳಸುವ ವಸ್ತುಗಳಿಗೆ, ಬೇರೆ ಆಳು ಬೇಕು. ಪುಸ್ತಕ ಹಿಡಿದು ಕೂತವರು ಎದ್ದು ತಂಬಿಗೆ ಹುಡುಕಲಾಗದು. ಎರಡೂ ವಿಂಗ್‌ನಲ್ಲಿ ಒಂದೊಂದು ಮೇಜು ಹಾಕಿ, ಕಂದು ಕಾಗದ ಅಂಟಿಸಿ, ಪ್ರತಿ ವಸ್ತುವಿನ ಸುತ್ತ ಸ್ಕೆಚ್ ಪೆನ್‌ನಿಂದ ಗೆರೆ ಎಳೆದು ಹೆಸರು ಬರೆಯಿರಿ. ಮೊದಲ ಬೆಲ್‌ಗೆ ಮುಂಚೆ ಖಾಲಿ ಚೌಕ ಕಂಡರೆ ಏನು ಕಳೆದಿದೆ ಎಂದು ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಬೆಳಕಿನ ವಿನ್ಯಾಸಕರಿಗೆ ಸಭಾಂಗಣದ ವಿದ್ಯುತ್ ಲೆಕ್ಕ ಕೈಯಲ್ಲಿರಬೇಕು. 1000 ವ್ಯಾಟ್‌ನ ಒಂದು ಪಾರ್ ದೀಪ 230 ವೋಲ್ಟ್‌ನಲ್ಲಿ ಸುಮಾರು 4.35 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಲೈನಿಗೆ ಮೂರು ಸರಿ. ನಾಲ್ಕನೆಯದನ್ನು ಸಿಕ್ಕಿಸಿದರೆ ಎಂಸಿಬಿ (ಹೊರೆ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಬಹುದು, ಅದೂ ಎಲ್ಲ ದೀಪ ಪೂರ್ತಿ ಏರುವ ಕ್ಲೈಮ್ಯಾಕ್ಸ್‌ನಲ್ಲಿಯೇ. ತಾಲ್ಲೂಕು ಕೇಂದ್ರದ ಶಾಲಾ ಸಭಾಂಗಣವಾದರೆ ಚಹಾದ ಎಲೆಕ್ಟ್ರಿಕ್ ಕೆಟಲ್ ಅದೇ ಲೈನಿನಲ್ಲಿದೆಯೇ ಎಂದೂ ನೋಡಿ. ಎಲ್‌ಇಡಿ ದೀಪವನ್ನು ಹ್ಯಾಲೊಜನ್ ಡಿಮ್ಮರ್‌ಗೆ ಜೋಡಿಸಬೇಡಿ, ಮಿಣುಕುತ್ತದೆ, ಒಳಗಿನ ಸರ್ಕ್ಯೂಟೂ ಸುಡಬಹುದು. ನೇರ ಲೈನ್ ಕೊಡಿ.

ಪ್ರಸಾಧನ ಶುದ್ಧ ಗುಣಾಕಾರ. ಹತ್ತು ನಟರು, ಒಬ್ಬರಿಗೆ 15 ನಿಮಿಷ, ಒಬ್ಬರೇ ಮೇಕಪ್‌ನವರಾದರೆ ಎರಡೂವರೆ ಗಂಟೆ. ಮೊದಲು ಬಣ್ಣ ಹಚ್ಚಿಸಿಕೊಂಡವರು ಬೆವರಿ ಅಳಿಸಿಕೊಳ್ಳುತ್ತಾರೆ, ಆದ್ದರಿಂದ ಮೀಸೆ ಗಡ್ಡದವರು ಮೊದಲು, ಬರೀ ಬೇಸ್ ಸಾಕಾದವರು ಕೊನೆಗೆ. ಸ್ಪಿರಿಟ್ ಗಮ್ ಹಚ್ಚಿದ ಕೂಡಲೇ ಮೀಸೆ ಒತ್ತಬೇಡಿ, ಅಂಟಂಟಾಗುವವರೆಗೆ ಕಾಯಿರಿ.

ಜನ ಕಡಿಮೆ ಇದ್ದರೆ ಯಾವ ಕೆಲಸ ಸೇರಿಸಬಹುದು? ವಸ್ತ್ರ ಮತ್ತು ಪ್ರಸಾಧನ ಒಬ್ಬರಿಗೆ ಹೋಗಲಿ. ಸೆಟ್ ಮತ್ತು ಬೆಳಕಿನ ವಿನ್ಯಾಸ ಒಬ್ಬರೇ ಮಾಡಿದರೆ ಒಳ್ಳೆಯದೇ, ನೆರಳು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆ. 1985ರಿಂದ ಊರೂರು ಸುತ್ತುತ್ತಿರುವ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟ ತಂಡದಲ್ಲಿ ನಟರೇ ಸೆಟ್ ಇಳಿಸಿ ಕಟ್ಟುತ್ತಾರೆ. ಸಣ್ಣ ತಂಡಕ್ಕೆ ಇದಕ್ಕಿಂತ ಒಳ್ಳೆ ಪಾಠವಿಲ್ಲ, ಆದರೆ ಯಾರು ಯಾವ ಪೆಟ್ಟಿಗೆ ಎತ್ತಬೇಕೆಂಬ ಚೀಟಿ ಇದ್ದರೆ ಮಾತ್ರ.

ಏಳು ಗಂಟೆಯ ಪ್ರದರ್ಶನಕ್ಕೆ ದಿನ ಹೀಗೆ ಸಾಗಲಿ: ಬೆಳಿಗ್ಗೆ 9ಕ್ಕೆ ಸೆಟ್ ಇಳಿಸುವುದು, ಅದು ನಿಂತ ಮೇಲೆ ದೀಪದ ಫೋಕಸ್. ಉಲ್ಟಾ ಮಾಡಿದರೆ ಎರಡು ಸಲ ಏಣಿ ಹತ್ತಬೇಕು. 2ಕ್ಕೆ ತಾಂತ್ರಿಕ ತಾಲೀಮು. ಪೂರ್ತಿ ಮಾತು ಬೇಡ, ಕ್ಯೂಯಿಂದ ಕ್ಯೂಗೆ ಹಾರಿ. 4ಕ್ಕೆ ಮೇಕಪ್. 6.30ಕ್ಕೆ ಬಾಗಿಲು ತೆರೆಯಲಿ, 6.45, 6.55, 7ಕ್ಕೆ ಬೆಲ್. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಿಮ್ಮೂರಲ್ಲಿ ಮುಖ್ಯ ಅತಿಥಿಗಳಿಗಾಗಿ ಕಾಯಬೇಕಾದರೆ ಎಷ್ಟು ನಿಮಿಷ ಎಂಬುದನ್ನು ಕಾರ್ಯದರ್ಶಿ ಮೊದಲೇ ರಂಗ ನಿರ್ವಾಹಕರಿಗೆ ಹೇಳಿಬಿಡಲಿ.

ಗ್ರ್ಯಾಂಡ್ ರಿಹರ್ಸಲ್ (ವೇಷ, ಬೆಳಕು ಸಮೇತದ ಕೊನೆಯ ತಾಲೀಮು) ಮುಗಿದ ಕ್ಷಣಕ್ಕೆ ನಾಟಕದ ಹೊಣೆ ರಂಗ ನಿರ್ವಾಹಕರದ್ದು. ಇದನ್ನು ಒಪ್ಪಿಕೊಳ್ಳುವುದು ನಿರ್ದೇಶಕರಿಗೆ ಬಲು ಕಷ್ಟ. ವಿಂಗ್‌ನಲ್ಲಿ ನಿಂತು ಪಿಸುಗುಟ್ಟಿ ನಟರನ್ನು ತಿದ್ದುವುದು, ಲೈಟ್ ಬೂತಿಗೆ ಹೋಗಿ 'ಸ್ವಲ್ಪ ಏರಿಸಪ್ಪಾ' ಎನ್ನುವುದು ಮಾಡಬಾರದು; ಇಬ್ಬರ ಆಜ್ಞೆ ಬಂದರೆ ಬೆಳಕಿನ ಹುಡುಗ ಎರಡನ್ನೂ ತಪ್ಪಿಸುತ್ತಾನೆ. ನಿರ್ದೇಶಕರು ಕೊನೆಯ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳಲಿ.

ಆ ಟಿಪ್ಪಣಿಯನ್ನು ಊಟಕ್ಕೆ ಮುಂಚೆಯೇ ಪ್ರಾಂಪ್ಟ್ ಕಾಪಿಗೆ ಸೇರಿಸಿ. ಅಷ್ಟರಲ್ಲಿ ವಸ್ತ್ರದವರು ಬಾಡಿಗೆ ಅಂಗಡಿಯ ಚೀಟಿ ಹಿಡಿದು ಎಣಿಸಿ ಗಂಟು ಕಟ್ಟಲಿ. ಕಿರೀಟ, ಸೊಂಟಪಟ್ಟಿ, ಗೆಜ್ಜೆ ಈ ಮೂರೇ ಯಾವಾಗಲೂ ಕಳೆಯುವುದು, ಗ್ರೀನ್ ರೂಮಿನ ಬಾಗಿಲ ಹಿಂದೆ ಮೊದಲು ನೋಡಿ.